ಸಹಾಯಧನ ಯಾರ ಕೈಗೆ ಬಂತು?



ಸಾಲ, ಗೊಬ್ಬರ, ಸಬ್ಸಿಡಿ. ಸಂಘದ ಕಟ್ಟೆ ಮೇಲೆ ಕೂತರೆ ಈ ಮೂರೇ ಮಾತು. ಆದರೆ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಸಬ್ಸಿಡಿ ಕೇಳಿ ಯಾರೂ ಬಂದಿರಲಿಲ್ಲ. ಸಾಹುಕಾರರ ಬಡ್ಡಿಯಿಂದ ಪಾರಾದರೆ ಸಾಕಾಗಿತ್ತು. ಸಹಾಯಧನ ಬಂದಿದ್ದು ಆಮೇಲೆ, ಅದೂ ಬೇರೆ ಬೇರೆ ದಾರಿಯಲ್ಲಿ.

ಮೊದಲನೆಯದು ಗೊಬ್ಬರದ ಚೀಲದ ದಾರಿ. ಯೂರಿಯಾ ತಯಾರಿಸುವ ಖರ್ಚಿಗೂ ರೈತನಿಗೆ ಮಾರುವ ದರಕ್ಕೂ ಇರುವ ವ್ಯತ್ಯಾಸವನ್ನು ಕೇಂದ್ರ ಸರ್ಕಾರ ಕಾರ್ಖಾನೆಗೆ ತುಂಬಿಕೊಡುವ ಪದ್ಧತಿ 1977ರಲ್ಲಿ ಬಂತು. 1992ರ ಆಗಸ್ಟಿನಲ್ಲಿ ಡಿಎಪಿ, ಪೊಟ್ಯಾಷ್ ದರದ ನಿಯಂತ್ರಣ ತೆಗೆದರು. ಅವುಗಳ ಬೆಲೆ ಏರಿತು, ಯೂರಿಯಾ ಅಗ್ಗವಾಗಿಯೇ ಉಳಿಯಿತು. ನಾವು ಅಗ್ಗದ್ದನ್ನೇ ಹೆಚ್ಚು ಸುರಿದೆವು, ಭೂಮಿ ಅದರ ಫಲ ಉಣ್ಣುತ್ತಿದೆ. 2018ರಿಂದ ಹೆಬ್ಬೆಟ್ಟು ಒತ್ತುವ ಯಂತ್ರ ಬಂತು. ಮಾರಾಟವಾದ ಮೇಲೆಯೇ ಕಂಪನಿಗೆ ಹಣ. ಏನೇ ಇರಲಿ, ಚೀಲ ಹೊತ್ತವನಿಗೆ ರಿಯಾಯಿತಿ ಸಿಕ್ಕಿತು. ಹೊಲ ಯಾರದು ಅಂತ ಚೀಲ ಕೇಳಲಿಲ್ಲ.

ಎರಡನೆಯದು ಹಾಲಿನ ದಾರಿ. 2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು. 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ಗುಂಟೆ ಜಮೀನು ಇಲ್ಲದ ಮನೆಯಲ್ಲೂ ಒಂದು ಹಸು ಇದ್ದರೆ, ಡೇರಿಗೆ ಹಾಲು ಹಾಕಿದವರಿಗೆ ಹಣ ಬಂತು. ಎಷ್ಟೋ ಹೆಣ್ಣುಮಕ್ಕಳು ತಮ್ಮ ಹೆಸರಿನ ಪಾಸ್‌ಬುಕ್ ಕಂಡಿದ್ದೇ ಹಾಲಿನಿಂದ.

ಮೂರನೆಯದು ಪಹಣಿಯ ದಾರಿ. ಸಹಕಾರ ಸಂಘಗಳಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲ ಬಂತು. ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದು 2023ರಲ್ಲಿ. ರೈತ ಬಿಟ್ಟ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ, ಆದರೆ ವಾಯಿದೆಯೊಳಗೆ ಅಸಲು ಕಟ್ಟಿದವರಿಗೆ ಮಾತ್ರ. 2019ರ ಫೆಬ್ರವರಿ 24ರಂದು ಪಿಎಂ ಕಿಸಾನ್ ಬಂತು: ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು, ನೇರ ಬ್ಯಾಂಕ್ ಖಾತೆಗೆ. ಮೊದಲು ಎರಡು ಹೆಕ್ಟೇರ್ ಒಳಗಿನವರಿಗಷ್ಟೇ ಇತ್ತು, ಅದೇ ವರ್ಷ ಆ ಮಿತಿ ತೆಗೆದರು. ಮಧ್ಯವರ್ತಿ ಇಲ್ಲ, ಕೈ ಬಿಸಿ ಮಾಡಬೇಕಿಲ್ಲ. ಒಳ್ಳೆಯದೇ ಆಯಿತು.

ಆದರೆ ಬಂಧುಗಳೇ, ಪಹಣಿ ಹೆಸರು ಕೇಳುತ್ತದೆ, ಬೆವರು ಕೇಳುವುದಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು, ಅದು ದೊಡ್ಡ ಕೆಲಸ. ಅದೇ ಕಾನೂನು ಮುಂದೆ ಜಮೀನು ಗೇಣಿಗೆ ಕೊಡುವುದನ್ನೂ ನಿಷೇಧಿಸಿತು. ಗೇಣಿ ನಿಂತಿತೇ? ಇಲ್ಲ. ಕೋರು, ಗುತ್ತಿಗೆ ಅಂತ ಬಾಯಿಮಾತಿನಲ್ಲಿ ನಡೆದೇ ಇದೆ. ಕಾಗದ ಇಲ್ಲ. ಹೀಗಾಗಿ ಪಟ್ಟಣದಲ್ಲಿರುವ ಖಾತೆದಾರನ ಮೊಬೈಲಿಗೆ ಕಂತಿನ ಮೆಸೇಜು ಬರುತ್ತದೆ; ಬಿತ್ತಿದವನಿಗೆ ಬರಗಾಲ ಮಾತ್ರ ಬರುತ್ತದೆ.

ಇನ್ನು ಸ್ವಂತ ಜಮೀನು ಇದ್ದವರ ಗೋಳು ಬೇರೆ. ಅಜ್ಜ ತೀರಿಹೋಗಿ ಎಷ್ಟೋ ವರ್ಷವಾಗಿರುತ್ತದೆ, ಪಹಣಿಯಲ್ಲಿ ಅವರೇ ಇನ್ನೂ ಸಾಗುವಳಿ ಮಾಡುತ್ತಿರುತ್ತಾರೆ! ಅಣ್ಣತಮ್ಮಂದಿರ ಮುನಿಸಿನಿಂದ ಪೌತಿ ಖಾತೆ ಆಗಿರುವುದಿಲ್ಲ. ಸಾಲದ ಅರ್ಜಿ ಹಿಡಿದು ಬಂದ ವಿಧವೆ ತಾಯಿಯನ್ನು, ಹೊಲದಲ್ಲಿ ಆಕೆ ದುಡಿಯುವುದನ್ನು ದಿನಾ ನೋಡುವ ನಾವೇ, ದಾಖಲೆ ಇಲ್ಲ ಅಂತ ವಾಪಸು ಕಳಿಸಿದ್ದೇವೆ. ನಿರ್ದೇಶಕನಾಗಿ ಆ ಕೆಲಸದಲ್ಲಿ ನನ್ನ ಪಾಲೂ ಇದೆ.

ಗೇಣಿ ಕಾನೂನು ಬದಲಿಸುವುದು ನಮ್ಮ ಕೈಲಿಲ್ಲ. ಪೌತಿ ಖಾತೆ ನಮ್ಮ ಕೈಲಿದೆ. ಬೆಳ್ಳಿಹಬ್ಬದ ವರ್ಷದಲ್ಲಿ ಸಂಘವೇ ಪಟ್ಟಿ ಮಾಡಿ, ಮರಣ ಪತ್ರ, ವಂಶವೃಕ್ಷ ಕೂಡಿಸಿ, ಅರ್ಜಿ ಬರೆಸಿ ನಾಡಕಚೇರಿಗೆ ಮುಟ್ಟಿಸಲಿ. ಹೆಂಡತಿ, ಹೆಣ್ಣುಮಕ್ಕಳ ಹೆಸರು ಅದರಲ್ಲಿ ಬಿಡದಿರಲಿ. ಹಬ್ಬದ ಊಟಕ್ಕಿಂತ ಆ ಕೆಲಸ ಹೆಚ್ಚು ದಿನ ನೆನಪಿರುತ್ತದೆ.

ಜೈ ಸಹಕಾರ.