ಶೀತಸಹಿಷ್ಣು ವೈನ್ ದ್ರಾಕ್ಷಿ

ಕಡುಚಳಿಯ ಉತ್ತರ ಪ್ರದೇಶಗಳಲ್ಲಿ ಬೆಳೆದು ವೈನ್ ತಯಾರಿಕೆಗೆ ಒದಗುವ ಮಿಶ್ರತಳಿ ದ್ರಾಕ್ಷಿ. ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್, ವರ್ಮಾಂಟ್ ಮತ್ತು ಕೆನಡದ ಕ್ವಿಬೆಕ್‌ನಲ್ಲಿ ಇದರ ಬೇಸಾಯವಿದೆ.

ಯುರೋಪಿನ ಸಾಂಪ್ರದಾಯಿಕ ಪ್ರಭೇದವಾದ ವಿಟಿಸ್ ವಿನಿಫೆರದ ಮೊಗ್ಗುಗಳು ಸಾಮಾನ್ಯವಾಗಿ -20 ರಿಂದ -25 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಹಾನಿಗೊಳ್ಳುವುದರಿಂದ, ಅದರ ಗುಣಗಳನ್ನು ಉತ್ತರ ಅಮೆರಿಕದ ನದಿದಂಡೆಗಳ ಕಾಡುದ್ರಾಕ್ಷಿಯಾದ ವಿಟಿಸ್ ರೈಪೇರಿಯದ ಸಹಿಷ್ಣುತೆಯೊಡನೆ ಬೆಸೆಯುವ ಸಂಕರಣ ಕಾರ್ಯ ನಡೆಯಿತು. ವಿಸ್ಕಾನ್ಸಿನ್‌ನ ರೈತ ಎಲ್ಮರ್ ಸ್ವೆನ್ಸನ್ (1913-2004) 1940ರ ದಶಕದಲ್ಲಿ ಇದನ್ನು ಕೈಗೊಂಡು ಹಲವು ತಳಿಗಳನ್ನು ರೂಪಿಸಿದರೆ, ಮಿನೆಸೋಟ ವಿಶ್ವವಿದ್ಯಾನಿಲಯವು ಫ್ರಾಂಟನ್ಯಾಕ್ (1996), ಲಾ ಕ್ರೆಸೆಂಟ್ (2002), ಮಾರ್ಕೆಟ್ (2006) ಮತ್ತು ಇಟಾಸ್ಕ (2017) ತಳಿಗಳನ್ನು ಬಿಡುಗಡೆ ಮಾಡಿತು.

ಶರತ್ಕಾಲದಲ್ಲಿ ಹಗಲು ಕುಗ್ಗಿದಂತೆ ಈ ಬಳ್ಳಿಗಳು ಬೆಳವಣಿಗೆ ನಿಲ್ಲಿಸಿ ಕಡ್ಡಿಯನ್ನು ಬಲಿಸಿಕೊಳ್ಳುತ್ತವೆ. ಮೊಗ್ಗಿನ ಜೀವಕೋಶಗಳ ನೀರು ಘನೀಭವನ ಬಿಂದುವಿಗಿಂತ ಬಹಳ ಕೆಳಗೂ ದ್ರವವಾಗಿಯೇ ಉಳಿಯುವ ಅತಿಶೀತನ ಸ್ಥಿತಿಯನ್ನು ತಲುಪುವುದರಿಂದ, ಪೂರ್ಣ ಸುಪ್ತಾವಸ್ಥೆಯಲ್ಲಿ ಅವು -30 ಡಿಗ್ರಿಗೂ ಕೆಳಗಿನ ಚಳಿಯನ್ನು ತಾಳಬಲ್ಲವು. ಆದರೆ ಹಲವು ತಳಿಗಳು ವಸಂತದಲ್ಲಿ ಬೇಗ ಚಿಗುರಿ ತಡವಾದ ಮಂಜಿಗೆ ತುತ್ತಾಗುವುದರಿಂದ, ತಣ್ಣನೆಯ ಗಾಳಿ ಕೆಳಕ್ಕೆ ಹರಿದುಹೋಗುವ ಇಳಿಜಾರು ನೆಲವನ್ನು ತೋಟಕ್ಕೆ ಆರಿಸಲಾಗುತ್ತದೆ.

ಹಣ್ಣಿನಲ್ಲಿ ಸಕ್ಕರೆಯೊಂದಿಗೆ ಆಮ್ಲವೂ ಹೆಚ್ಚಿರುವುದರಿಂದ, ತೀಕ್ಷ್ಣವಾದ ಮ್ಯಾಲಿಕ್ ಆಮ್ಲವನ್ನು ಸೌಮ್ಯವಾದ ಲ್ಯಾಕ್ಟಿಕ್ ಆಮ್ಲವಾಗಿ ಬ್ಯಾಕ್ಟೀರಿಯಗಳಿಂದ ಪರಿವರ್ತಿಸುವ ಮ್ಯಾಲೊಲ್ಯಾಕ್ಟಿಕ್ ಹುದುಗುವಿಕೆಯನ್ನು ಕೆಂಪು ವೈನ್‌ಗಳಲ್ಲಿ ಅನುಸರಿಸುತ್ತಾರೆ. ಬಳ್ಳಿಯನ್ನು ಚಳಿಗಾಲದಲ್ಲಿ ಮಣ್ಣಿನಡಿ ಹೂಳುವ ಶ್ರಮವನ್ನು ತಪ್ಪಿಸಿ ಈ ಪ್ರದೇಶಗಳಲ್ಲಿ ವಾಣಿಜ್ಯ ದ್ರಾಕ್ಷಿ ಕೃಷಿಯನ್ನು ಸಾಧ್ಯವಾಗಿಸಿದ್ದು ಈ ತಳಿಗಳ ಮುಖ್ಯ ಸಾಧನೆ.