ಬೀದಿಯಲ್ಲಿ ಅಲೆಯುವ ಅಪರಿಚಿತ ಮಹಿಳೆ ‘ಮಕ್ಕಳ ಕಳ್ಳಿ’ಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

“ಊರಿನಲ್ಲಿ ಮಕ್ಕಳನ್ನು ಕದಿಯುವ ಹೆಂಗಸು ಓಡಾಡುತ್ತಿದ್ದಾಳೆ, ಎಲ್ಲ ಗ್ರೂಪ್‌ಗಳಿಗೂ ಕಳಿಸಿ.” ಇಂಥ ಸಂದೇಶದ ಜೊತೆ ಕೆದರಿದ ಕೂದಲು, ಮಾಸಿದ ಬಟ್ಟೆಯ ಮಹಿಳೆಯೊಬ್ಬರ ಫೋಟೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇನ್ನೊಂದು ಬಗೆಯ ವಿಡಿಯೋಗೆ ಲೈಕ್‌ಗಳು ಬೀಳುತ್ತವೆ. ಬೀದಿಯಲ್ಲಿರುವವರನ್ನು ಹಿಡಿದು, ತಲೆ ಬೋಳಿಸಿ, ಸ್ನಾನ ಮಾಡಿಸಿ ‘ಸಮಾಜಸೇವೆ’ ಎಂದು ಹಾಕುವ ವಿಡಿಯೋ ಅದು. ಆ ಮಹಿಳೆಗೆ ನಿಜವಾಗಿ ಬೇಕಾದದ್ದು ಏನು? ಶುಶ್ರೂಷಾ ಸಂಶೋಧನೆ ಮತ್ತು ಕಾನೂನು ಏನು ಹೇಳುತ್ತವೆ ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ: ಅಲೆಯುತ್ತಿರುವುದು ಅಪರಾಧದ ಲಕ್ಷಣವಲ್ಲ. ಅದು ಕಾಯಿಲೆಯ ಲಕ್ಷಣ ಇರಬಹುದು. ಅವರಿಗೆ ಬೇಕಾದದ್ದು ಆರೈಕೆ.

ಫಾರ್ವರ್ಡ್ ಮಾಡಿದರೆ ಏನಾಗುತ್ತದೆ?

2018ರ ಜೂನ್‌ನಲ್ಲಿ ಅಹಮದಾಬಾದ್‌ನಲ್ಲಿ ಭಿಕ್ಷೆ ಬೇಡುತ್ತಿದ್ದ ಮಹಿಳೆಯೊಬ್ಬರನ್ನು ಮಕ್ಕಳ ಕಳ್ಳಿ ಎಂಬ ಶಂಕೆಯಿಂದ ಗುಂಪು ಹೊಡೆದು ಕೊಂದಿತು. ಮುಂದಿನ ತಿಂಗಳು ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದ್‌ನ ಯುವಕರ ಮೇಲೆ ದಾಳಿ ನಡೆದು ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಆ ವರ್ಷ ಹರಿದಾಡಿದ ‘ಮಗು ಅಪಹರಣ’ದ ವಿಡಿಯೋಗಳಲ್ಲಿ ಒಂದು, ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ್ದು. ಮಗುವನ್ನು ವಾಪಸ್ ಬಿಡುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಲಾಗಿತ್ತು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಎಲ್ಲವೂ ಕಿವಿಗೆ ಬೀಳುತ್ತವೆ. ‘ನಮ್ಮ ಭಾಷೆ ಬರಲ್ಲ, ಹೆಸರೂ ಹೇಳಲ್ಲ’ ಎಂಬುದು ಅನುಮಾನಕ್ಕೆ ಕಾರಣ ಆಗಬಾರದು ಎಂದು ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ.

ತಲೆಕೆಟ್ಟವರೆಂದು ಹೇಳಿಬಿಡಬಹುದೇ?

ಇಲ್ಲ. ಗೊಂದಲದಿಂದ ಮಾತನಾಡುವವರಿಗೆಲ್ಲ ಮಾನಸಿಕ ಕಾಯಿಲೆಯೇ ಇರಬೇಕೆಂದಿಲ್ಲ. ತೀವ್ರ ಜ್ವರ, ರಕ್ತದಲ್ಲಿ ಸಕ್ಕರೆ ಕುಸಿತ, ತಲೆಗೆ ಪೆಟ್ಟು, ವಯಸ್ಸಾದವರ ಮರೆವಿನ ಕಾಯಿಲೆ, ಹೆರಿಗೆಯ ನಂತರದ ಮನೋವಿಕಾರ, ಇವೆಲ್ಲವೂ ಹಾಗೆ ಕಾಣಿಸಬಹುದು. ಆದ್ದರಿಂದ ಆಸ್ಪತ್ರೆಯಲ್ಲಿ ನರ್ಸ್ ಮೊದಲು ನೋಡುವುದು ನಾಡಿ, ಜ್ವರ, ಸಕ್ಕರೆ, ಗಾಯ, ಕಾಲು. ಗರ್ಭಿಣಿಯೇ ಎಂಬುದನ್ನೂ ನೋಡಬೇಕು.

ಊಟದ ವಿಷಯದಲ್ಲೂ ಎಚ್ಚರ ಬೇಕು. ಹಲವು ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ತಿನ್ನಿಸಿದರೆ ರಕ್ತದಲ್ಲಿನ ಲವಣಾಂಶಗಳು ಏರುಪೇರಾಗಿ ಜೀವಕ್ಕೇ ಅಪಾಯವಾಗಬಹುದು. ಸ್ವಲ್ಪ ಸ್ವಲ್ಪ ಕೊಟ್ಟು ಆಸ್ಪತ್ರೆಗೆ ತಲುಪಿಸುವುದು ಒಳ್ಳೆಯದು.

ಆರೈಕೆಯಿಂದ ನಿಜವಾಗಿ ವ್ಯತ್ಯಾಸ ಆಗುತ್ತದೆಯೇ?

ಆಗುತ್ತದೆ. ಅಮೆರಿಕದ ನರ್ಸ್ ಸಂಶೋಧಕಿ ಅಡೆಲೀನ್ ನ್ಯಾಮತಿ ಮತ್ತು ತಂಡ ಲಾಸ್ ಏಂಜಲೀಸ್‌ನಲ್ಲಿ, ಸುಪ್ತ ಕ್ಷಯ ಇದ್ದ 520 ವಸತಿಹೀನರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನರ್ಸ್‌ಗಳು ತಿಳಿವಳಿಕೆ ಕೊಟ್ಟು, ತಪ್ಪಿಸಿಕೊಂಡವರನ್ನು ಹುಡುಕಿಕೊಂಡು ಹೋದ ಗುಂಪಿನಲ್ಲಿ ಶೇ. 62 ಮಂದಿ ಚಿಕಿತ್ಸೆ ಪೂರ್ಣಗೊಳಿಸಿದರು. ಮಾಮೂಲಿ ಗುಂಪಿನಲ್ಲಿ ಶೇ. 39 ಮಾತ್ರ. ‘ಬೀದಿಯವರು ಔಷಧ ತಗೊಳ್ಳಲ್ಲ’ ಎಂಬ ಮಾತು ಇಲ್ಲಿ ಸುಳ್ಳಾಯಿತು.

ಒಂಬತ್ತು ಯುರೋಪಿಯನ್ ದೇಶಗಳ ಆಸ್ಪತ್ರೆಗಳನ್ನು ನೋಡಿದ ಇನ್ನೊಂದು ಅಧ್ಯಯನ 2014ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಬಂತು. ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳ ಸಂಖ್ಯೆ ಒಂದು ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಗೆ ದಾಖಲಾದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಹೆಚ್ಚಿತ್ತು.

ನಮ್ಮಲ್ಲಿ ಇದರ ಅರ್ಥ ಇನ್ನೂ ದೊಡ್ಡದು. ಸರ್ಕಾರಿ ಆಸ್ಪತ್ರೆಯಲ್ಲಿ ನೀರು ತರುವುದು, ಮಗ್ಗುಲು ಬದಲಿಸುವುದು, ಶೌಚಕ್ಕೆ ಕರೆದೊಯ್ಯುವುದು ಹೆಚ್ಚಾಗಿ ಜೊತೆಗಿರುವ ಮನೆಯವರ ಕೆಲಸ. ಮನೆಯವರೇ ಇಲ್ಲದ ಮಹಿಳೆಗೆ ನರ್ಸ್ ಬಿಟ್ಟರೆ ಬೇರೆ ಯಾರೂ ಇಲ್ಲ.

ತಲೆ ಬೋಳಿಸುವ ವಿಡಿಯೋ ಸರಿಯೇ?

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲೂ ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಮುಟ್ಟಿನ ಸಮಯದಲ್ಲಿ ಬೇಕಾದ ವಸ್ತುಗಳನ್ನು ಒದಗಿಸಬೇಕು, ಖಾಸಗಿತನ ಕಾಪಾಡಬೇಕು. ಚಿಕಿತ್ಸೆಯಲ್ಲಿರುವವರ ಫೋಟೊವನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಆಸ್ಪತ್ರೆಯೊಳಗೇ ಮಾಡಬಾರದ್ದನ್ನು ಬಸ್‌ಸ್ಟ್ಯಾಂಡ್‌ನಲ್ಲಿ ಕ್ಯಾಮೆರಾ ಇಟ್ಟು ಮಾಡುವುದು ಸೇವೆ ಹೇಗಾದೀತು? ದೌರ್ಜನ್ಯ ಅನುಭವಿಸಿ ಬಂದ ಮಹಿಳೆಗೆ ಅಪರಿಚಿತರ ಕೈ ಮೈಮೇಲೆ ಬಿದ್ದರೆ ಭಯ ಇನ್ನಷ್ಟು ಹೆಚ್ಚುತ್ತದೆ. ಮುಟ್ಟುವ ಮೊದಲು ಕೇಳುವುದು, ಏನು ಮಾಡುತ್ತೇವೆಂದು ಹೇಳುವುದು ಶುಶ್ರೂಷೆಯ ಮೊದಲ ಪಾಠ.

ಪೊಲೀಸರ ಕರ್ತವ್ಯ ಏನು?

ಅದೇ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆಯಿಂದ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ಪೊಲೀಸರು ರಕ್ಷಣೆಗೆ ಪಡೆದು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್‌ನಲ್ಲಿ ಇಡುವಂತಿಲ್ಲ. ಕಾಣೆಯಾದವರ ಬಗ್ಗೆ ಎಫ್‌ಐಆರ್ ದಾಖಲಿಸಿ ಕುಟುಂಬವನ್ನು ಹುಡುಕಬೇಕು. ವಸತಿಹೀನರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಬೇಕಿಲ್ಲ. ಹೆಚ್ಚಿನ ಚಿಕಿತ್ಸೆಗೆ ಈ ಭಾಗಕ್ಕೆ ಹತ್ತಿರ ಇರುವುದು ಧಾರವಾಡದ ಡಿಮ್ಹಾನ್ಸ್.

ನೀವು ಏನು ಮಾಡಬಹುದು?

• ಫೋಟೊ, ವಿಡಿಯೋ ತೆಗೆಯಬೇಡಿ. ಬಂದದ್ದನ್ನು ಫಾರ್ವರ್ಡ್ ಮಾಡಬೇಡಿ.
• ಸ್ವಲ್ಪ ದೂರದಲ್ಲಿ ನಿಂತು ಮೆಲ್ಲಗೆ ಮಾತನಾಡಿಸಿ. ಕುಡಿಯಲು ನೀರು ಕೊಡಿ. ಸಾಧ್ಯವಾದರೆ ಮಹಿಳೆಯೊಬ್ಬರು ಜೊತೆಗಿರಲಿ.
• ಗಾಯ, ಜ್ವರ, ಪ್ರಜ್ಞೆ ತಪ್ಪಿದ್ದರೆ 108ಕ್ಕೆ ಕರೆ ಮಾಡಿ. ಜನ ಗುಂಪುಗೂಡಿದ್ದರೆ 112.
• ಮಹಿಳಾ ಸಹಾಯವಾಣಿ 181. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ 14416.

ಗ್ರೂಪ್‌ನಲ್ಲಿ ಇಂಥ ಫೋಟೊ ಬಂದರೆ ಅದರ ಕೆಳಗೆ ಈ ನಂಬರ್‌ಗಳನ್ನು ಹಾಕಿ. ಆ ಮಹಿಳೆ ಎಲ್ಲೋ ಒಂದು ಮನೆಯವರು ಹುಡುಕುತ್ತಿರುವ ತಾಯಿಯೋ ಅಕ್ಕನೋ ಆಗಿರಬಹುದು.