ಯಾವುದರಿಂದ ವಿಮೋಚನೆ?

ಸೆಪ್ಟೆಂಬರ್ 17 ಹತ್ತಿರ ಬಂತೆಂದರೆ ಕಲಬುರಗಿ ಸೀಮೆಯಲ್ಲಿ ‘ವಿಮೋಚನೆ’ ಎಂಬ ಶಬ್ದಕ್ಕೆ ಎಲ್ಲಿಲ್ಲದ ಬೇಡಿಕೆ. ವರ್ಷದ ಉಳಿದ ದಿನಗಳಲ್ಲಿ ಅದು ಪುರಾಣ ಹೇಳುವವರ ಬಾಯಲ್ಲಿ, ಚರ್ಚಿನ ಪ್ರಾರ್ಥನೆಯಲ್ಲಿ, ವಕೀಲರ ಕಾಗದದಲ್ಲಿ ತನ್ನ ಪಾಡಿಗೆ ತಾನಿರುತ್ತದೆ. ಆ ಒಂದು ದಿನ ಮಾತ್ರ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್‌ಗಳಲ್ಲಿ ಧ್ವಜಕಂಬದ ಬುಡಕ್ಕೆ ಬಂದು ನಿಲ್ಲುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಕಾಲಿಟ್ಟಿತು. ಐದನೆಯ ದಿನಕ್ಕೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಸೋಲೊಪ್ಪಿದ. ಬೀದರ್, ಕಲಬುರಗಿ, ರಾಯಚೂರಿನ ಪಾಲಿಗೆ ಸ್ವಾತಂತ್ರ್ಯ ಹದಿಮೂರು ತಿಂಗಳು ತಡವಾಗಿ ಬಂತು. ಆ ತಾರೀಖಿಗೆ ಹೆಸರಿಡುವ ಜಗಳ ಇನ್ನೂ ಮುಗಿದಿಲ್ಲ. ಮರಾಠವಾಡದಲ್ಲಿ ಅದು ಮುಕ್ತಿಸಂಗ್ರಾಮ ದಿನ. ತೆಲಂಗಾಣದಲ್ಲಿ ಒಂದು ಸರ್ಕಾರ 2022ರಲ್ಲಿ ಅದನ್ನು ಏಕತೆಯ ದಿನ ಎಂದಿತು, ಮುಂದಿನ ಸರ್ಕಾರ 2024ರಲ್ಲಿ ಪ್ರಜಾಪಾಲನೆಯ ದಿನ ಎಂದಿತು, ವಿರೋಧ ಪಕ್ಷಗಳಲ್ಲೊಂದು ವಿಮೋಚನ ದಿನವೇ ಸರಿ ಎಂದು ಹಟ ಹಿಡಿದಿದೆ. ನಮ್ಮಲ್ಲಿ 2019ರಿಂದ ಆಮಂತ್ರಣ ಪತ್ರಿಕೆಯ ಮೇಲೆ ‘ಕಲ್ಯಾಣ ಕರ್ನಾಟಕ ಉತ್ಸವ’ ಎಂದು ಅಚ್ಚಾಗುತ್ತದೆ. ಪತ್ರಿಕೆಯಲ್ಲಿ ಉತ್ಸವವಾದರೂ ಭಾಷಣಕ್ಕೆ ನಿಂತವರ ಬಾಯಿಗೆ ಬರುವುದು ‘ವಿಮೋಚನೆ’ಯೇ. ಉತ್ಸವಕ್ಕಿಂತ ಅದೇ ಒಳ್ಳೆಯ ಶಬ್ದ, ಸಂಶಯವಿಲ್ಲ. ಆದರೆ 1948ಕ್ಕೆ ಅಂಟಿಕೊಂಡಾಗ ಅದು ತನ್ನ ಅರ್ಧ ಅಂಗವನ್ನು ಕಳೆದುಕೊಂಡಿತು. ಆ ವರ್ಷ ಸುಟ್ಟ ಮನೆಗಳಿಗೂ ಆ ಮನೆಗಳಿಗೆ ಹಿಂತಿರುಗಬೇಕಾದವರಿಗೂ ಬೇಕಾಗಿದ್ದದ್ದು ಆ ಅರ್ಧವೇ.

ಶಾಲೆಯಲ್ಲಿ ಕಲಿತ ವ್ಯಾಕರಣವನ್ನು ಇಲ್ಲಿ ಕೊಂಚ ನೆನೆಯಬೇಕು. ವಿಮೋಚನೆಯ ಮೂಲ ‘ಮುಚ್’ ಧಾತು, ಬಿಡು ಎಂದರ್ಥ. ಮುಕ್ತಿ, ಮೋಕ್ಷ, ಮೋಚನೆ ಎಲ್ಲ ಅದೇ ಬಳ್ಳಿಯವು. ಕನ್ನಡಕ್ಕೆ ಬಂದ ಮೇಲೂ ಈ ಶಬ್ದ ಒಂಟಿಯಾಗಿ ಓಡಾಡಿದ್ದು ಕಡಿಮೆ. ಶಾಪವಿಮೋಚನೆ, ಪಾಪವಿಮೋಚನೆ, ಋಣವಿಮೋಚನೆ, ಬಂಧವಿಮೋಚನೆ: ಮುಂದೆ ಒಂದು ಪದ ನಡೆಯುತ್ತದೆ, ಇದು ಅದರ ಹಿಂದೆ ಬರುತ್ತದೆ. ಆ ಮುಂದಿನ ಪದ ಪಂಚಮಿ ವಿಭಕ್ತಿಯದು. ಶಾಪದಿಂದ, ಪಾಪದಿಂದ, ಋಣದಿಂದ. ಯಾವುದರಿಂದ ಎಂದು ಮೊದಲು ಹೇಳದೆ ಬಿಡುಗಡೆಯ ಮಾತಿಲ್ಲ. ‘ಹೈದರಾಬಾದ್ ಕರ್ನಾಟಕ ವಿಮೋಚನೆ’ಯಲ್ಲಿ ಈ ಜಾಗಕ್ಕೆ ಷಷ್ಠಿ ಬಂದು ಕೂತಿತು. ಯಾರ ವಿಮೋಚನೆ ಎಂಬುದಕ್ಕೆ ಉತ್ತರವಿದೆ, ಯಾವುದರಿಂದ ಎಂಬುದನ್ನು ಕೇಳುವವರ ಊಹೆಗೆ ಬಿಡಲಾಗಿದೆ. ‘ಮಹಿಳಾ ವಿಮೋಚನೆ’ಯೂ ಷಷ್ಠಿಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ಆದರೆ ಆ ಚಳವಳಿ ಯಾವುದರಿಂದ ಎಂಬ ಪ್ರಶ್ನೆಯನ್ನೇ ದಿನವೂ ವಾದಕ್ಕೆ ಹಾಕಿತು, ಊಹೆಗೆ ಬಿಡಲಿಲ್ಲ. ಇಲ್ಲಿ ಖಾಲಿ ಬಿಟ್ಟ ಜಾಗವನ್ನು ಒಬ್ಬರು ‘ನಿಜಾಮನಿಂದ’ ಎಂದು ತುಂಬುತ್ತಾರೆ, ಇನ್ನೊಬ್ಬರು ನಿಜಾಮನ ಪರ ನಿಂತ ಪಡೆಯವರಾದ ‘ರಜಾಕಾರರಿಂದ’ ಎಂದು. ಮೂರನೆಯವರು ಬಾಯಿಬಿಟ್ಟು ಹೇಳದೆ, ಇಡೀ ಒಂದು ಸಮುದಾಯದತ್ತ ಕಣ್ಸನ್ನೆ ಮಾಡುತ್ತಾರೆ.

ಜನ ವಿಮೋಚನೆ ಎನ್ನುವುದೇ ಇಲ್ಲ, ಅವರದು ‘ಪೊಲೀಸ್ ಆಕ್ಷನ್’ ಅಥವಾ ‘ರಜಾಕಾರರ ಗದ್ಲ’, ಕಚೇರಿಯ ಶಬ್ದ ಹಿಡಿದು ಇಷ್ಟೇಕೆ ಎಳೆಯಬೇಕು ಎಂಬುದು ಮೊದಲ ಆಕ್ಷೇಪ. ಮಾತು ನಿಜ. ಹಳ್ಳಿಯ ಹಿರಿಯರಿಗೆ ಪೊಲೀಸ್ ಆಕ್ಷನ್ ಎನ್ನುವುದು ಘಟನೆಗಿಂತ ಹೆಚ್ಚಾಗಿ ಪಂಚಾಂಗ. ಆಕ್ಷನ್ ಆದ ವರ್ಷ ಲಗ್ನ, ಆಕ್ಷನ್‌ಗಿಂತ ಮೊದಲ ಹುಟ್ಟಿದವ, ಹೀಗೆ. ಹಿಂದೂ ಮನೆಯಲ್ಲೂ ಮುಸ್ಲಿಂ ಮನೆಯಲ್ಲೂ ಈ ಎರಡು ಪದ ಅದೇ ಆಗಿರುವುದು ಅದರ ಹೆಚ್ಚುಗಾರಿಕೆ. ಆದರೆ ಇದೂ ನೆಲದಿಂದ ಎದ್ದ ಮಾತಲ್ಲ, ದೆಹಲಿಯಿಂದ ಬಂದದ್ದು. ಹೈದರಾಬಾದಿನ ದೂರು 1948ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಗಿತ್ತು. ಇದು ಎರಡು ದೇಶಗಳ ಯುದ್ಧವಲ್ಲ, ಮನೆಯೊಳಗಿನ ಶಾಂತಿಪಾಲನೆ ಎಂದು ದೆಹಲಿ ಹೇಳಬೇಕಿತ್ತು. ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಟ್ಯಾಂಕುಗಳು ಸೊಲ್ಲಾಪುರದ ಕಡೆಯಿಂದ ನುಗ್ಗಿದ್ದಕ್ಕೆ ಪೊಲೀಸ್ ಎಂಬ ಅಂಗಿ ತೊಡಿಸಿದ್ದು ಹಾಗೆ. ‘ರಜಾಕಾರ’ ಎಂಬುದಕ್ಕೂ ಮೂಲದಲ್ಲಿ ಸ್ವಂತ ಇಷ್ಟದಿಂದ ಕೆಲಸಕ್ಕೆ ಬಂದವ, ಸ್ವಯಂಸೇವಕ ಎಂದೇ ಅರ್ಥ. ಇವತ್ತು ಆ ಅರ್ಥದಲ್ಲಿ ಯಾರನ್ನಾದರೂ ಹಾಗೆ ಕರೆದು ನೋಡಿ. ಆ ದಿನಗಳ ಶಬ್ದಗಳಲ್ಲಿ ಕೈ ತೊಳೆದುಕೊಂಡು ಬಂದದ್ದು ಯಾವುದೂ ಇಲ್ಲ. ‘ಆಕ್ಷನ್’ ಏನೋ ನಡೆಯಿತು ಎಂದಷ್ಟೇ ಹೇಳುತ್ತದೆ. ವಿಮೋಚನೆ ಎಂದಾಗ ಕಟ್ಟಿದ್ದು ಯಾವುದು, ಬಿಡಿಸಿದ್ದು ಯಾರು, ಬಿಟ್ಟ ಮೇಲೆ ಏನಾಯಿತು ಎಂದು ಕೇಳಲು ದಾರಿಯಿದೆ. ಅದಕ್ಕೇ ಆ ಶಬ್ದದ ಬೆನ್ನುಹತ್ತುವುದು.

ಕಟ್ಟಿದ್ದು ಏನು ಎಂಬುದಕ್ಕೆ ಸಾಕ್ಷಿಯ ಕೊರತೆಯಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರ ಪಡೆ ಊರೂರಿಗೆ ತಿಂಗಳ ವಂತಿಗೆ ಗೊತ್ತುಮಾಡುತ್ತಿತ್ತು. ಮಾತಾಡದೆ ಕೊಟ್ಟ ಊರು ಬದುಕಿತು. ಎದುರು ನಿಂತಲ್ಲಿ ಲೂಟಿ, ಬೆಂಕಿ, ಅತ್ಯಾಚಾರ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಕಗ್ಗೊಲೆ ನಡೆಯಿತು. ಅದೇ ತಿಂಗಳ 22ರಂದು, ವಾಡಿ, ಶಹಾಬಾದ್, ಕಲಬುರಗಿ ದಾಟಿ ಸೊಲ್ಲಾಪುರದತ್ತ ಹೋಗುವ ಹಳಿಯ ಮೇಲೆ ಗಾಣಗಾಪುರ ಸ್ಟೇಷನ್ನಿನಲ್ಲಿ ರೈಲಿನ ಮೇಲೆ ದಾಳಿಯಾಯಿತು. ಸಂಸ್ಥಾನದಿಂದ ತಪ್ಪಿಸಿಕೊಳ್ಳುವವರ ದಾರಿಯೂ ಅದೇ ಹಳಿ. ಗಡಿಯಾಚೆ ಸೊಲ್ಲಾಪುರ, ವಿಜಯಪುರದ ನೆಲದಲ್ಲಿ ಶಿಬಿರಗಳಿದ್ದವು. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ಒಂದು ದಲಿತ ಮನೆಯ ತಾಯಿಯೂ ಮಗಳೂ ಸಿಕ್ಕಿ ಸತ್ತರು. ಉಳಿದ ತಂದೆ, ಆರೇಳು ವರ್ಷದ ಮಗನನ್ನು ಕರೆದುಕೊಂಡು ಊರು ಬಿಟ್ಟು ಕಲಬುರಗಿ ಸೇರಿದ. ಆ ಹುಡುಗ ಮಲ್ಲಿಕಾರ್ಜುನ ಖರ್ಗೆ. 1969ರಲ್ಲಿ ಎಂಎಸ್‌ಕೆ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರರಾದರು, 1972ರಿಂದ ಗುರುಮಠಕಲ್, 2008ರಲ್ಲಿ ಚಿತ್ತಾಪುರದ ಶಾಸಕರಾದರು, ಆಮೇಲೆ ದೆಹಲಿ.

ಇಷ್ಟಕ್ಕೆ ನಿಲ್ಲಿಸಿದರೆ ಸೆಪ್ಟೆಂಬರ್ 17ರ ಭಾಷಣ ಸರಾಗವಾಗಿ ಮುಗಿಯುತ್ತದೆ. ಸಾಮಾನ್ಯವಾಗಿ ಮುಗಿಯುವುದೂ ಇಲ್ಲಿಯೇ. ಆದರೆ ತಾರೀಖು 18 ಎಂಬುದೊಂದಿದೆ. ಸೇನೆ ಬಂದ ಹಿಂದೆಯೇ ಹಳ್ಳಿಗಳಲ್ಲಿ ಸೇಡು ಶುರುವಾಯಿತು. ಈ ಸಲ ಸತ್ತವರು ಮುಸಲ್ಮಾನರು, ಅವರಲ್ಲಿ ಬಹಳ ಜನಕ್ಕೂ ರಜಾಕಾರರಿಗೂ ಸಂಬಂಧವಿರಲಿಲ್ಲ. ನೆಹರೂ ಕಳಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತಿತರರ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನ ಸುತ್ತಿ, ಕಡಿಮೆ ಎಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಎಲ್ಲಕ್ಕಿಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಅಂಕಿಯ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ, ಇರಲಿ. ವರದಿ ಮಾತ್ರ ದಶಕಗಳ ಕಾಲ ಕಡತದಲ್ಲೇ ಕೂತಿತು. ಇದನ್ನು ಎತ್ತುವುದೆಂದರೆ ರಜಾಕಾರರ ಪಾಪವನ್ನು ತಕ್ಕಡಿಯಲ್ಲಿ ಸರಿತೂಗಿಸಿದ ಹಾಗೆ ಎಂಬುದು ಎರಡನೆಯ ಆಕ್ಷೇಪ, ಮತ್ತು ಗಟ್ಟಿ ಆಕ್ಷೇಪ. ಉತ್ತರ ಆ ವರದಿಯಲ್ಲೇ ಇದೆ. ತಿಂಗಳ ವಂತಿಗೆಯ, ಲೂಟಿಯ ವಿವರಗಳನ್ನು ಬರೆದಿಟ್ಟದ್ದು ಅದೇ ಸಮಿತಿ. ರಜಾಕಾರರ ಬಗ್ಗೆ ಅದು ಮೆತ್ತಗಾಗಲಿಲ್ಲ. ಒಂದೇ ಕಸುಬಿನವರ ನಡುವೆ ನಂಟು ಉಳಿದಿತ್ತು, ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಕಾಪಾಡಲು ಹೋಗಿ ಪ್ರಾಣ ಕೊಟ್ಟದ್ದೂ ಉಂಟು ಎಂದು ದಾಖಲಿಸಿದ್ದೂ ಅದೇ. ಎರಡು ಲೆಕ್ಕವನ್ನು ಎರಡು ಪುಟದಲ್ಲಿ ಬರೆದರೆ ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಒಂದು ಪುಟ ಹರಿದು ಹಾಕಿದರೆ ಉಳಿದ ಪುಟವನ್ನೂ ಯಾರೂ ನಂಬುವುದಿಲ್ಲ.

ಈಗ ಮನೆಗೆ ಹಿಂತಿರುಗುವ ಮಾತು. ವಿಮೋಚನೆಯ ಹಳೆಯ ಬಳಕೆಗಳನ್ನು ಬಿಡಿಸಿ ನೋಡಿದರೆ ಅಲ್ಲಿ ಮೂರು ಬೇರೆ ಬೇರೆ ಕಥೆಗಳಿವೆ. ಶಾಪವಿಮೋಚನೆಯಲ್ಲಿ ಕಲ್ಲಾದ ಅಹಲ್ಯೆ ಏನೂ ಮಾಡಬೇಕಿಲ್ಲ, ಹೊರಗಿನಿಂದ ರಾಮ ಬರಬೇಕು. ಋಣವಿಮೋಚನೆಯಲ್ಲಿ ಹೊರಗಿನಿಂದ ಯಾರೂ ಬರುವುದಿಲ್ಲ, ಸಾಲಗಾರನೇ ತೀರಿಸಬೇಕು. ‘ಗಿರವಿ ಇಟ್ಟ ಬೋರಮಾಳ ಬಿಡಿಸ್ಕೊಂಡು ಬಂದೀನಿ’ ಎನ್ನುವ ಹೆಣ್ಣುಮಗಳು ಬಳಸುತ್ತಿರುವುದು ಇದೇ ಅರ್ಥವನ್ನು. ಅಡಮಾನ ವಿಮೋಚನೆ ಎಂದು ಕಾನೂನು ಹೇಳುವುದೂ ಇದನ್ನೇ. ಮೂರನೆಯದು ಕನ್ನಡ ಬೈಬಲ್ಲಿನ ವಿಮೋಚನಕಾಂಡ. ಅಲ್ಲಿ ಬಿಡುಗಡೆ ಎಂದರೆ ದಾಸ್ಯದ ನೆಲ ಬಿಟ್ಟು ನಡೆಯುವುದು, ಮರಳಿ ಹೋಗದಿರುವುದು. ನಮ್ಮ ಸೆಪ್ಟೆಂಬರ್ 17 ಪೂರ್ತಿ ಅಹಲ್ಯೆಯ ಮಾದರಿಯಲ್ಲಿದೆ. ಸರದಾರ್ ಪಟೇಲರು ಸೇನೆ ಕಳಿಸಿದರು, ಕಲ್ಲು ಹೆಣ್ಣಾಯಿತು, ಮುಗಿಯಿತು. ಸಂಸ್ಥಾನದ ಮಟ್ಟಿಗೆ ಇದು ತಪ್ಪಲ್ಲ, ಸೇನೆ ಬಾರದೆ ಆಳ್ವಿಕೆ ಕದಲುತ್ತಿರಲಿಲ್ಲ. ಮನೆಗಳ ಮಟ್ಟಿಗೆ ಈ ಮಾದರಿ ನಡೆಯುವುದಿಲ್ಲ. ಶಿಬಿರದಿಂದ ಹಿಂತಿರುಗಿದವರ ಎದುರು ಇದ್ದದ್ದು ಬೂದಿ, ಪಕ್ಕದಲ್ಲಿ ಈಗ ಖಾಲಿಯಾದ ನೆರೆಮನೆ. ಶಹಾಬಾದಿನ ಫರಸಿ ಹಾಸಿ ಕಲ್ಲಿನ ಗೋಡೆ ಎತ್ತಿದ ಮನೆಗೆ ಬೆಂಕಿ ಹಚ್ಚಿದರೆ ತೊಲೆ ಜಂತಿ ಸುಟ್ಟು ಮಾಳಿಗೆ ಕುಸಿಯುತ್ತದೆ, ಗೋಡೆ ನಿಲ್ಲುತ್ತದೆ, ಮತ್ತೆ ಹೊದಿಸಬಹುದು. ಜೋಪಡಿ ಸುಟ್ಟರೆ ಗುರುತಿಗೆ ಒಲೆಯ ಕಲ್ಲಷ್ಟೇ. ಹಿಂತಿರುಗುವುದಕ್ಕೂ ಆಸ್ತಿ ಬೇಕು. ಊರು ಎಂದರೆ ಎಲ್ಲರಿಗೂ ಮರಳಬೇಕಾದ ತಾಣ ಎಂದು ನಂಬಿದವರು ಒಂದು ತಾರೀಖು ನೆನಪಿಡಬೇಕು: ಇಲ್ಲಿನ ಹಳ್ಳಿಗಳು ಇನ್ನೂ ಹೊಗೆಯಾಡುತ್ತಿದ್ದಾಗ, 1948ರ ನವೆಂಬರ್ 4ರಂದು, ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ವೈಭವೀಕರಣವನ್ನು ನಿಷ್ಠುರವಾಗಿ ತಳ್ಳಿಹಾಕಿದರು. ವರವಟ್ಟಿ ಬಿಟ್ಟವರದು ವಿಮೋಚನಕಾಂಡದ ದಾರಿ. ಅವರು ಮರಳಿ ಬಂದು ನೆಲೆಸಲಿಲ್ಲವೆಂದು ಅವರ ಬಿಡುಗಡೆ ಅಪೂರ್ಣವಾಗುವುದಿಲ್ಲ. ಆದರೆ ಮರಳಲು ಬಯಸಿದ ಮಿಕ್ಕವರಿಗೆ, ಎರಡೂ ಕಡೆಯವರಿಗೆ, ಬೇಕಿದ್ದದ್ದು ಗಿರವಿ ಬಿಡಿಸುವ ಅರ್ಥದ ವಿಮೋಚನೆ: ಯಾರು ಯಾರಿಗೆ ಏನು ಬಾಕಿ ಎಂದು ಕೂತು ನೋಡುವುದು. ಆ ಕೆಲಸವನ್ನು ಉತ್ಸವವೂ ಮಾಡಲಿಲ್ಲ, ಸಂವಿಧಾನದ 371(ಜೆ) ವಿಧಿಯೂ ಮಾಡಲಾರದು. ಆ ವಿಧಿಯನ್ನು 2012ರ ತಿದ್ದುಪಡಿಯಲ್ಲಿ ತರಲು ದುಡಿದವರಲ್ಲಿ ವರವಟ್ಟಿಯ ಆ ಹುಡುಗನೇ ಮುಂದಿದ್ದರು ನಿಜ. ಅದು ಪ್ರದೇಶ ಹಿಂದುಳಿದ ಬಾಕಿಯನ್ನು ಸೀಟು, ನೌಕರಿಗಳಲ್ಲಿ ತೀರಿಸುತ್ತದೆ. ನೆರೆಹೊರೆಯ ಬಾಕಿ ಬೇರೆ ಖಾತೆಯದು.

ಹಳೆಯ ಗಾಯ ಕೆರೆದರೆ ಕೀವು ಬರುತ್ತದೆ, ಮರೆವೇ ಮದ್ದು ಎಂಬ ಮೂರನೆಯ ಆಕ್ಷೇಪಕ್ಕೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯೇ ಉತ್ತರ ಕೊಡುತ್ತದೆ, ಅದೂ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲಿನಿಂದ. 1980ರ ದಶಕದಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಗುಡಿಯ ಚಾವಣಿ ಕುಸಿದ ಮೇಲೆ, ಮೂರ್ತಿಯ ಪೀಠಕ್ಕೆ ಹಾಕಿದ್ದ ಬಂಡೆಯಲ್ಲಿ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿದ್ದದ್ದು ಅವನ ಬಂಡೆಶಾಸನಗಳ ಸಾಲಿನ 12 ಮತ್ತು 14ನೆಯವುಗಳ ಭಾಗ, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅದುವರೆಗೆ ಗೊತ್ತಿದ್ದದ್ದು ಒಡಿಶಾದ ಧೌಲಿ, ಜೌಗಡಗಳಲ್ಲಿ, ಅಂದರೆ ಅಶೋಕ ರಕ್ತ ಹರಿಸಿದ ಕಳಿಂಗದಲ್ಲಿ ಮಾತ್ರ. ಯುದ್ಧಕ್ಕೆ ಪಶ್ಚಾತ್ತಾಪ ಪಟ್ಟ ಪ್ರಸಿದ್ಧ 13ನೆಯ ಶಾಸನ ಕಳಿಂಗದ ಬಂಡೆಗಳ ಮೇಲೆ ಇಲ್ಲ, ಸನ್ನತಿಯ ಕಲ್ಲಿನ ಮೇಲೂ ಕಂಡಿಲ್ಲ. ನೊಂದವರ ನೆಲದಲ್ಲಿ ನಿಂತು ‘ನನಗೆ ಬಹಳ ನೋವಾಗಿದೆ’ ಎಂದು ರಾಜ ಕೊರೆಸಲಿಲ್ಲ. ಬದಲಿಗೆ ಅಧಿಕಾರಿಗಳಿಗೆ ಅಪ್ಪಣೆ ಕೊಟ್ಟ: ಕಾರಣವಿಲ್ಲದೆ ಯಾರನ್ನೂ ಬಂಧಿಸಬೇಡಿ, ಹಿಂಸಿಸಬೇಡಿ, ಈ ಜನ ನನ್ನ ಮಕ್ಕಳು. ಅದನ್ನು ನಿಯತವಾಗಿ ಜನರೆದುರು ಓದಿ ಹೇಳಬೇಕೆಂದೂ ವಿಧಿಸಿದ. ಇದನ್ನು ರಾಜಕೀಯ ಜಾಣತನ ಎನ್ನುವ ಇತಿಹಾಸಕಾರರಿದ್ದಾರೆ, ಇರಬಹುದು. ಆದರೆ ಮರೆವು ಮತ್ತು ಕೆರೆತದ ನಡುವೆ ಮೂರನೆಯ ದಾರಿಯೊಂದು ಇದೆಯೆನ್ನುವುದು ಈ ಕಲ್ಲಿನಿಂದ ಸ್ಪಷ್ಟ: ಕಣ್ಣೀರಿನ ಮಾತು ಕಡಿಮೆ ಮಾಡಿ, ಬದುಕಿರುವವರಿಗೆ ಏನು ಮಾಡಬಾರದು ಎಂಬುದನ್ನು ಹೆಸರಿಟ್ಟು ಬರೆಯುವುದು.

ಹೆಸರಿಡುವುದು ಎಂದೆ. 2024ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಚುನಾವಣೆಯ ಹೊತ್ತಿಗೆ ಉತ್ತರ ಪ್ರದೇಶದ ಮುಖ್ಯಮಂತ್ರಿ ವರವಟ್ಟಿಯ ಬೆಂಕಿಯನ್ನು ಎತ್ತಿ, ವೋಟಿಗಾಗಿ ಖರ್ಗೆ ತಮ್ಮ ಮನೆಯ ದುರಂತವನ್ನೇ ಮರೆಮಾಚಿದ್ದಾರೆ ಎಂದು ಚುಚ್ಚಿದರು. ಚಿತ್ತಾಪುರದ ಶಾಸಕ, ಅವರ ಮಗ ಪ್ರಿಯಾಂಕ್ ಖರ್ಗೆ ಕೊಟ್ಟ ಉತ್ತರದ ತಿರುಳು ಇಷ್ಟು: ಮನೆ ಸುಟ್ಟದ್ದು ರಜಾಕಾರರು, ಇಡೀ ಮುಸ್ಲಿಂ ಸಮುದಾಯವಲ್ಲ, ಪ್ರತಿ ಸಮುದಾಯದಲ್ಲೂ ಕೆಟ್ಟವರಿರುತ್ತಾರೆ. ಇದು ರಾಜಕಾರಣಿಯ ಉತ್ತರ, ಅವರ ಪಕ್ಷಕ್ಕೆ ಅನುಕೂಲದ್ದೇ ಎಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯಬೇಕಿಲ್ಲ. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಮಾತ್ರ ಇದು ಕಳೆದುಹೋದ ಪಂಚಮಿಯನ್ನು ಸರಿಯಾದ ಜಾಗದಲ್ಲಿ ತಂದು ಕೂರಿಸಿದ ವಾಕ್ಯ. ಯಾರಿಂದ ಎಂಬುದು ಇದರಲ್ಲಿ ಖಚಿತವಾಗಿದೆ, ಯಾರಿಂದ ಅಲ್ಲ ಎಂಬುದೂ. ಇನ್ನೊಂದು ಪಂಚಮಿಯನ್ನು, ಸೆಪ್ಟೆಂಬರ್ 17ರ ನಂತರದ ಸೇಡಿನಿಂದ ಎಂಬುದನ್ನು, ಸೇಡಂ ಚಿಂಚೋಳಿಗಳ ವೇದಿಕೆಯ ಮೇಲೆ ಯಾರಾದರೂ ಅಷ್ಟೇ ಖಚಿತವಾಗಿ ಹೇಳಬೇಕು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಅನುದಾನ ಬೇಕಿಲ್ಲ, ದಿನದ ಹೆಸರನ್ನು ಇನ್ನೊಮ್ಮೆ ಬದಲಿಸುವ ಗೋಜೂ ಬೇಡ. ಗೋರಟಾದ ಹೆಸರು ಹೇಳುವ ಭಾಷಣದಲ್ಲೇ ಸುಂದರಲಾಲ್ ವರದಿಯ ನಾಲ್ಕು ಜಿಲ್ಲೆಗಳ ಹೆಸರನ್ನೂ, ನೆರೆಯವರನ್ನು ಉಳಿಸಲು ಹೋಗಿ ಸತ್ತ ನೇಕಾರರ ಮಾತನ್ನೂ ಸೇರಿಸಿದರೆ ಎರಡು ನಿಮಿಷ ಹೆಚ್ಚು ಹಿಡಿಯಬಹುದು.